ಹಿಮಾಲಯ ದಾಟಿ ಕಡಲೆ ಹೊಲಕ್ಕೆ

ಬೆಲ್ಲದ ಬಾಗೇವಾಡಿಯಲ್ಲಿ ಜನವರಿ ಎಂದರೆ ಕಬ್ಬಿನ ಕಾಲ. ಊರು ದಾಟಿ ಘಟಪ್ರಭಾದ ಕಡೆ ತಿರುಗಿದರೆ ರಸ್ತೆಯ ಎರಡೂ ಬದಿ ಆಳೆತ್ತರ ಮೀರಿದ ಕಬ್ಬು. ಕಟಾವಾದ ಹೊಲಗಳಲ್ಲಿ ರವದಿಗೆ ಬೆಂಕಿ ಹಚ್ಚಿದ ಹೊಗೆ, ಎಲ್ಲಿಂದಲೋ ಗಾಣದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಬೆಲ್ಲವಾಗುವ ವಾಸನೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಹೆಸರಿನಲ್ಲೇ ಬೆಲ್ಲ ಇಟ್ಟುಕೊಂಡ ಊರಿನ ಸುತ್ತ ಇದಲ್ಲದೆ ಇನ್ನೇನು ಕಾಣಬೇಕು? ಆದರೆ ನಾನು ಹೊರಟಿದ್ದದ್ದು ಮಂಗೋಲಿಯಾದ ಅತಿಥಿಗಳನ್ನು ನೋಡಲು.

ಜೊತೆಗಿದ್ದವರು ಇದೇ ಸೀಮೆಯ ನಿವೃತ್ತ ಜೀವಶಾಸ್ತ್ರದ ಮಾಸ್ತರು. ಹತ್ತಾರು ವರ್ಷ ಹುಡುಗರಿಗೆ ಕಪ್ಪೆಯ ಹೃದಯದ ಚಿತ್ರ ಬರೆಸಿದವರು, ಈಗ ಕೊರಳಿಗೆ ದುರ್ಬೀನು ಹಾಕಿಕೊಂಡು ಹೊಳೆಯ ದಂಡೆ ತಿರುಗುತ್ತಾರೆ. ಕಾರಿನ ಕಿಟಕಿಯಿಂದ ನಾನು ಕಬ್ಬಿನ ಆಚೆಗೆ ಇಣುಕಲು ಯತ್ನಿಸುತ್ತಿದ್ದುದನ್ನು ನೋಡಿ, "ಇಲ್ಲೇನ್ ಕಾಣತೈತ್ರಿ? ಧೂಪದಾಳ ಬರ್ಲಿ ತಡೀರಿ, ಆಕಾಶನ ಬಿಚ್ಚಿಕೊಳ್ತೈತಿ" ಎಂದರು.

ಹಾಗೇ ಆಯಿತು. ಘಟಪ್ರಭಾ ಪಟ್ಟಣ ಮುಟ್ಟಿ ಧೂಪದಾಳದ ಬಾಂದಾರದ ಹತ್ತಿರ ಇಳಿದದ್ದೇ ತಡ, ಹಸಿರು ಗೋಡೆಗಳೆಲ್ಲ ಒಮ್ಮೆಲೇ ಸರಿದು ನೀರೇ ನೀರು. ಅದರ ಮೇಲೆ ತೆಳುವಾದ ಇಬ್ಬನಿ, ಇಬ್ಬನಿಯೊಳಗಿಂದ ಕಲರವ. ಮೊದಲು ಕಿವಿಗೆ ಬಿತ್ತು, ಕಣ್ಣಿಗೆ ಬಿದ್ದದ್ದು ಆಮೇಲೆ. ಬೊಡ್ಡೆಗಳ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆಗಳು, ಜೊಂಡಿನ ಅಂಚಿನಲ್ಲಿ ನಾಮದ ಕೋಳಿಗಳ ಹಿಂಡು, ದೂರದ ದಿಬ್ಬದ ಮೇಲೆ ಸಾಲುಗಟ್ಟಿ ಕೂತ ಬಾತುಗಳು. ಹಿಡಕಲ್ಲಿನ ಜಲಾಶಯದಿಂದ ಕೆಳಗೆ ಬರುವ ಘಟಪ್ರಭೆ ಇಲ್ಲಿಗೆ ಬಂದು ಉಸಿರು ಬಿಟ್ಟು, ಅಗಲವಾಗಿ ಹರಡಿ ಮಲಗುತ್ತಾಳೆ.

ಇಬ್ಬನಿ ಕರಗುವ ಹೊತ್ತಿಗೆ ನಮ್ಮಿಂದ ಬಹಳವೇನೂ ದೂರವಿಲ್ಲದ ಕೆಸರು ನೀರಿನಲ್ಲಿ ಒಂದು ಬಣ್ಣದ ಕೊಕ್ಕರೆ ಬಂದು ಇಳಿಯಿತು. ಬೋಳಾದ ಕೇಸರಿ ಮುಖ, ತುದಿಯಲ್ಲಿ ತುಸುವೇ ಬಾಗಿದ ಹಳದಿ ಕೊಕ್ಕು, ಬಾಲದ ಮೇಲೆ ಗುಲಾಲು ಸಿಡಿದಂಥ ಗರಿ. ಅದು ಮೀನು ಹಿಡಿಯುವ ರೀತಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅರೆಬಿಚ್ಚಿದ ಕೊಕ್ಕನ್ನು ಹೆಚ್ಚುಕಡಿಮೆ ಕಣ್ಣಿನವರೆಗೂ ನೀರಿಗೆ ಇಳಿಸಿ, ತಲೆಯನ್ನು ಎಡಕ್ಕೆ ಬಲಕ್ಕೆ ತೂಗುತ್ತ ಒಂದೊಂದೇ ಹೆಜ್ಜೆ ಮುಂದಿಡುತ್ತದೆ. ನಡುವೆ ಒಂದು ಕಾಲಿನಿಂದ ಕೆಸರು ಕಲಕುತ್ತದೆ. ಥಟ್ಟನೆ ಒಂದು ರೆಕ್ಕೆ ಬಿಚ್ಚಿ ನೀರಿನ ಮೇಲೆ ನೆರಳು ಬೀಸುತ್ತದೆ. ಗಾಬರಿಗೊಂಡ ಮೀನು ಓಡಿ ಬಂದು ಕೊಕ್ಕಿಗೆ ತಾಗಿತೋ, ಮುಗಿಯಿತು. ಕಣ್ಣಿನ ಕೆಲಸವೇ ಇಲ್ಲ ಅಲ್ಲಿ, ಎಲ್ಲವೂ ಸ್ಪರ್ಶ. ಇದರ ಅಮೆರಿಕದ ದಾಯಾದಿ, ವುಡ್ ಸ್ಟಾರ್ಕ್ ಎಂಬ ಕೊಕ್ಕರೆಯ ಮೇಲೆ 1960ರ ದಶಕದಲ್ಲಿ ವಿಜ್ಞಾನಿಗಳು ಪರೀಕ್ಷೆ ಮಾಡಿದ್ದರು. ಮೀನು ತಾಗಿದ ಕ್ಷಣದಿಂದ ಕೊಕ್ಕು ಮುಚ್ಚಲು ಹಿಡಿದ ಸಮಯ 25 ಮಿಲಿಸೆಕೆಂಡು. ಒಂದು ಸೆಕೆಂಡಿನ ನಲವತ್ತನೇ ಒಂದು ಪಾಲು. ನಾವು ಒಮ್ಮೆ ರೆಪ್ಪೆ ಬಡಿಯುವುದರೊಳಗೆ ಅದು ಮೂರ್ನಾಲ್ಕು ಬಾರಿ ಕೊಕ್ಕು ಮುಚ್ಚಬಲ್ಲದು. ದುರ್ಬೀನಿನಲ್ಲಿ ನನಗೆ ಕಂಡದ್ದು ಇಷ್ಟೇ: ಕೊಕ್ಕು ನೀರಿನಲ್ಲಿತ್ತು, ಮರುಕ್ಷಣ ಆಕಾಶಕ್ಕೆ ಎತ್ತಿದ ಕೊಕ್ಕಿನಲ್ಲಿ ಬೆಳ್ಳನೆಯ ಮೀನೊಂದು ಒದ್ದಾಡುತ್ತಿತ್ತು. ನಡುವೆ ನಡೆದದ್ದು ನನ್ನ ಕಣ್ಣಿಗೆ ಸಿಗುವಂಥದ್ದಾಗಿರಲಿಲ್ಲ.

ಮುಟ್ಟಿ ಬೇಟೆಯಾಡುವ ಹಕ್ಕಿಗೆ ನೀರು ಕಾಲಿನ ಅಳತೆಯಲ್ಲಿರಬೇಕು. ಅದರ ಮೇಲೆ ಒಂದು ಗೇಣು ಏರಿದರೂ ಅಲ್ಲಿ ಅದಕ್ಕೆ ಊಟವಿಲ್ಲ. ಮೇಲುಗಡೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ, ಆದರೆ ಆ ಆಳ ಕೊಕ್ಕರೆಯ ಕಾಲಿಗೆ ಎಟುಕುವಂಥದ್ದಲ್ಲ. ಧೂಪದಾಳದ ಕಥೆ ಬೇರೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಾಲುವೆಗೆ ನೀರು ತಿರುಗಿಸಲು ಕಟ್ಟಿದ ತಗ್ಗು ಬಾಂದಾರ ಇದು. ಒಂದು ಶತಮಾನಕ್ಕೂ ಹೆಚ್ಚು ಕಾಲ ಹೊಳೆ ಹೊತ್ತು ತಂದ ಹೂಳು ಇದರ ಬೆನ್ನಿಗೆ ಕೂತಿದೆ. ನೀರಾವರಿ ಲೆಕ್ಕ ಹಾಕುವವರಿಗೆ ಹೂಳು ನಷ್ಟದ ಬಾಬ್ತು. ಅದೇ ಹೂಳಿನ ನಡುಗಡ್ಡೆಗಳು, ಮೊಣಕಾಲುದ್ದದ ಬಯಲು ನೀರು, ಜೊಂಡಿನ ಮರೆ ಹಕ್ಕಿಗಳಿಗೆ ಅರಮನೆ. ಬಾಂದಾರದ ಕಲ್ಲು ಜೋಡಿಸಿದವರಾಗಲಿ, 1887ರಿಂದ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ನಡೆಸಿದವರಾಗಲಿ ಕೊಕ್ಕರೆಯ ಬಗ್ಗೆ ಯೋಚಿಸಿರಲಾರರು. ಹಕ್ಕಿಗಳು ತಾವಾಗಿ ಬಂದವು, ನೋಡಿದವು, ಒಪ್ಪಿದವು. ಅವು ಒಪ್ಪಿದ್ದನ್ನು ಸರ್ಕಾರ 1974ರಲ್ಲಿ ಒಪ್ಪಿ, ಸುಮಾರು 29.78 ಚದರ ಕಿಲೋಮೀಟರನ್ನು ಘಟಪ್ರಭಾ ಪಕ್ಷಿಧಾಮ ಎಂದು ಘೋಷಿಸಿತು.

ದಂಡೆಯಲ್ಲಿ ಬಲೆ ಝಾಡಿಸುತ್ತಿದ್ದ ಮೀನುಗಾರನೊಬ್ಬ ನಮ್ಮನ್ನು ಕಂಡು, "ಏನ್ರಿ ಮಾಸ್ತರ, ಇವತ್ತ ಹೊಸಾ ಮಂದೀನ್ನ ಕರಕೊಂಡ್ ಬಂದೀರಿ" ಎಂದು ನಕ್ಕ. ಅವನ ತಲೆಯ ಮೇಲೆ ಬೆಳ್ಳಗಿನ ಹಕ್ಕಿಯೊಂದು ಗಾಳಿಯಲ್ಲಿ ನಿಂತಿತ್ತು. ಕರಿಟೋಪಿ, ಹಳದಿ ಕೊಕ್ಕು, ಕವಲೊಡೆದ ಉದ್ದ ಬಾಲ. ಕೊಕ್ಕನ್ನು ನೇರ ಕೆಳಕ್ಕೆ ಮಾಡಿ, ರೆಕ್ಕೆ ಬಡಿಯುತ್ತ ಅಲ್ಲೇ ತೂಗಿ, ಕಲ್ಲು ಬಿದ್ದ ಹಾಗೆ ನೀರಿಗೆ ಬಿತ್ತು. ಎದ್ದಾಗ ಕೊಕ್ಕಿನಲ್ಲಿ ಬೆರಳುದ್ದದ ಮೀನು. ಅದು ಹೊಳೆಯ ರೀವ. ನೋಡಲು ಸಾಮಾನ್ಯ ಹಕ್ಕಿಯಂತೆ ಕಂಡರೂ, ಇಡೀ ಆ ಬೆಳಗಿನಲ್ಲಿ ನಾವು ಕಂಡ ಹಕ್ಕಿಗಳಲ್ಲಿ ಹೆಚ್ಚು ಕಷ್ಟದಲ್ಲಿರುವುದು ಇದೇ. ಜಾಗತಿಕ ಕೆಂಪು ಪಟ್ಟಿ ಇದನ್ನು ಅಳಿವಿನ ಅಪಾಯಕ್ಕೆ ಸಿಲುಕಬಲ್ಲ ಜೀವಿಗಳ ಸಾಲಿನಲ್ಲಿ ಇಟ್ಟಿದೆ.

ಕಾರಣ ಅದರ ಗೂಡು. ಗೂಡು ಎನ್ನಲು ಅಲ್ಲಿ ಏನೂ ಇರುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದು ಮರಳ ದಿಬ್ಬ ಮೇಲೆದ್ದಾಗ, ಆ ಮರಳಿನಲ್ಲಿ ಎದೆಯಿಂದ ಒಂದು ಸಣ್ಣ ಗುಣಿ ಮಾಡಿ ಎರಡು ಮೂರು ಮೊಟ್ಟೆ ಇಡುತ್ತದೆ. ನೆರಳಿಲ್ಲ, ಮರೆಯಿಲ್ಲ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಲ್ಲಿ ತಂದೆ ತಾಯಿ ಸರದಿಯ ಮೇಲೆ ಕೂತು ಮೊಟ್ಟೆಗೆ ಮೈಯ ನೆರಳು ಕೊಡುತ್ತವೆ. ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುವುದು ರೀವಗಳ ಕುಲದ ರೂಢಿ. ನಾಯಿಯೊಂದು ದಿಬ್ಬಕ್ಕೆ ನಡೆದು ಬಂದರೆ, ಮರಳು ತುಂಬುವ ಟ್ರ್ಯಾಕ್ಟರ್ ಇಳಿದರೆ, ಮೇಲಿನ ಅಣೆಕಟ್ಟೆಯಿಂದ ಹೊತ್ತಲ್ಲದ ಹೊತ್ತಿನಲ್ಲಿ ನೀರು ಬಿಟ್ಟರೆ ಒಂದು ವರ್ಷದ ಸಂತಾನ ಹೋದಂತೆಯೇ. ಭದ್ರಾ ಜಲಾಶಯದ ನಡುಗಡ್ಡೆಯಲ್ಲಿ ಇವು ಸಾವಿರಗಟ್ಟಲೆ ಸೇರಿ ಮರಿ ಮಾಡುವುದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಸುತ್ತ ನೀರಿದ್ದು ನಾಯಿ ದಾಟಲಾಗದ್ದೇ ಅಲ್ಲಿ ಅವುಗಳ ಭಾಗ್ಯ.

"ಬ್ಯಾಸಗ್ಯಾಗ ಅವು ತತ್ತಿ ಇಟ್ಟಾಗ ನಾವು ಆ ಕಡೆ ಹ್ವಾದ್ರ ತಲಿ ಮ್ಯಾಲೆ ಬಂದು ಕುಕ್ಕತಾವ್ರಿ" ಎಂದ ಮೀನುಗಾರ, ತಲೆ ಮುಟ್ಟಿಕೊಳ್ಳುತ್ತ. "ಅದಕ್ಕ ನಾವು ಬಲಿ ಬ್ಯಾರೆ ಕಡೆ ಹಾಕ್ತೀವಿ. ಅವಕ್ಕೂ ಮಕ್ಕಳದಾವಲ್ರಿ." ಬಾಣಂತಿಯ ಮನೆ ಕಡೆ ಗದ್ದಲ ಮಾಡದ ಊರ ರೀತಿ ಅದು. ಅಷ್ಟು ಸಹಜವಾಗಿ ಹೇಳಿ ಅವನು ಮತ್ತೆ ಬಲೆಗೆ ಬಗ್ಗಿದ.

ಮಧ್ಯಾಹ್ನ ಹೊಳೆಯ ಜೊತೆಗೇ ಕೆಳಗಿಳಿದೆವು. ಬಾಂದಾರ ದಾಟಿದ ಘಟಪ್ರಭೆ ಗೋಕಾಕದ ಹತ್ತಿರ 52 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಜನವರಿಯ ಧಾರೆ ಸಣ್ಣದು. ನೀರು ಕಡಿಮೆಯಿದ್ದರೆ ಬಂಡೆ ಚೆನ್ನಾಗಿ ಕಾಣುತ್ತದೆ, ನನಗೆ ಬೇಕಾದದ್ದೂ ಬಂಡೆಯೇ. ಕುದುರೆ ಲಾಳದಾಕಾರಕ್ಕೆ ಕಡಿದ ಈ ಪದರ ಪದರದ ಮರಳುಗಲ್ಲು ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಕೂತ ಮರಳು. ಭೂಮಿಯ ಮೇಲೆ ಹಕ್ಕಿಯಿಲ್ಲ, ಮೀನಿಲ್ಲ, ಹುಲ್ಲಿನ ಒಂದು ಎಸಳೂ ಇಲ್ಲದ ಕಾಲ. ಇಂಥ ಕಲ್ಲಿನ ಮೇಲಿನ ಅಂಗೈಯಗಲದ ಮಣ್ಣಿನಲ್ಲಿ ಬದುಕುವುದನ್ನು ಕಲಿತ ಗಿಡಗಳೇ ಬೇರೆ. ಈ ಶತಮಾನದಲ್ಲಿಯೇ ಸಸ್ಯವಿಜ್ಞಾನಿಗಳು ಇಲ್ಲಿನ ಮರಳುಗಲ್ಲಿನಿಂದ ಕಳ್ಳಿಯ ಕುಟುಂಬದ ಒಂದು ಹೊಸ ಸಸ್ಯವನ್ನು ವಿವರಿಸಿ ಯೂಫೋರ್ಬಿಯಾ ಗೋಕಾಕೆನ್ಸಿಸ್ ಎಂದು ಹೆಸರಿಟ್ಟರು. ಕರದಂಟಿಗೆ ಹೆಸರಾದ ಊರು ಈಗ ಜಗತ್ತಿನ ಸಸ್ಯಗಳ ಪಟ್ಟಿಯಲ್ಲೂ ಇದೆ ಎಂದು ಮಾಸ್ತರು ಹೇಳುವಾಗ ಅವರ ದನಿಯಲ್ಲಿ ಸ್ವಂತ ಮನೆಯ ಮಗು ಪಾಸಾದ ಹಿಗ್ಗಿತ್ತು. ನನಗೂ ಮೈ ಜುಮ್ಮೆಂದಿತು. ಇಷ್ಟು ವರ್ಷ ಪ್ರವಾಸಿಗರು ಫೋಟೋ ಹಿಡಿದುಕೊಂಡು ಹೋದ ಜಾಗದಲ್ಲಿ, ವಿಜ್ಞಾನಕ್ಕೆ ಗೊತ್ತೇ ಇಲ್ಲದ ಜೀವವೊಂದು ಹೆಸರಿಲ್ಲದೆ ಬದುಕಿಕೊಂಡಿತ್ತು!

ಇದೇ ಹೊಳೆ ಇನ್ನೂ ಮೂಡಣಕ್ಕೆ ಹರಿದು ಬಾಗಲಕೋಟೆ ಜಿಲ್ಲೆ ಸೇರಿದ ಮೇಲೆ, ಮುಧೋಳ ಬೀಳಗಿ ತಾಲ್ಲೂಕುಗಳ ಕುರುಚಲು ಗುಡ್ಡಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ. ಅಲ್ಲಿಯದು ನೀರಿಲ್ಲದೆಯೂ ದಿನಗಟ್ಟಲೆ ತಡೆಯಬಲ್ಲ ಪುಟ್ಟ ಹುಲ್ಲೆ. ಅದಕ್ಕೊಂದು ಬೇರೆಯೇ ಪ್ರವಾಸ ಬೇಕು. ನಾವು ಸಂಜೆಯೊಳಗೆ ಮೂಡಲಗಿ ಕಡೆಯ ಎರೆ ಹೊಲಗಳನ್ನು ಮುಟ್ಟಬೇಕಿತ್ತು.

ಅಲ್ಲಿ ಕಬ್ಬು ತುಸು ಹಿಂದೆ ಸರಿದು ಬಿಳಿಜೋಳ, ಕಡಲೆ, ಕುಸುಬಿಯ ಹಿಂಗಾರಿ ಬಯಲು ಉಳಿದಿತ್ತು. ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಕೈ ಮಾಡಿ ಕರೆದರು. "ಸಾವಕಾಶ ಬರ್ರಿ. ಇಲ್ಲೇ ಕುಂದರ್ರಿ. ಎದ್ದ ನಿಂತ್ರ ಹಾರತಾವ." ಕಡಲೆ ಕಿತ್ತ ಹೊಲದ ಆ ತುದಿಯಲ್ಲಿ ಬೂದು ಬಣ್ಣದ ಸಾಲೊಂದು ನಿಧಾನ ನಡೆಯುತ್ತಿತ್ತು.

ಕ್ರೌಂಚಗಳು. ಇಂಗ್ಲಿಷಿನವರು ಡೆಮೊಸೆಲ್ ಕ್ರೇನ್ ಎನ್ನುವ ಹಕ್ಕಿ. ದುರ್ಬೀನು ಹೊಂದಿಸಿದಾಗ ಒಂದೊಂದೇ ಬಿಡಿಯಾಗಿ ಕಂಡವು. ಕಣ್ಣು ಕೆಂಪು. ಕಣ್ಣಿನ ಹಿಂದಿನಿಂದ ಹೊರಟ ಬಿಳಿ ಗರಿಯ ಎಳೆ ಗಾಳಿಗೆ ಅಲುಗುತ್ತಿತ್ತು. ಕತ್ತಿನ ಕಪ್ಪು ಕೆಳಗಿಳಿದು ಎದೆಯ ಮುಂದೆ ಜೋಲುವ ಉದ್ದ ಗರಿಗಳಾಗಿ ಮುಗಿಯುತ್ತಿತ್ತು. ಅವು ಕೆದರುವುದಿಲ್ಲ, ಅವಸರ ಮಾಡುವುದಿಲ್ಲ. ಹೆಂಟೆಗಳ ನಡುವೆ ಬಿದ್ದ ಕಾಳನ್ನು ಬಗ್ಗಿ ಆರಿಸಿ, ತಲೆಯೆತ್ತಿ ಸುತ್ತ ನೋಡಿ, ಮತ್ತೊಂದು ಹೆಜ್ಜೆ. ಎರಡು ದೊಡ್ಡ ಹಕ್ಕಿಗಳ ನಡುವೆ ತಲೆ ಇನ್ನೂ ಮಾಸಲು ಬೂದಾಗಿ, ಕಪ್ಪು ಪೂರ್ತಿ ತುಂಬದ ಒಂದು ಹಕ್ಕಿಯಿತ್ತು. ಹೋದ ಬೇಸಿಗೆಯ ಮರಿ. ತಾಯಿ ಎಲ್ಲಿ ಬಗ್ಗಿದರೆ ಅಲ್ಲಿ ತಾನೂ ಬಗ್ಗುತ್ತಿತ್ತು.

ಆ ಮರಿಯಿಂದ ಕಣ್ಣು ಕೀಳಲಾಗಲಿಲ್ಲ. ಮಂಗೋಲಿಯಾ ಕಜಕಸ್ತಾನಗಳ ಹುಲ್ಲುಗಾವಲಿನಲ್ಲಿ ಈ ಜಾತಿಯ ಮರಿಗಳು ಬೇಸಿಗೆಯ ಆರಂಭದಲ್ಲಿ ಬರಿ ನೆಲದ ಮೇಲೆ ಮೊಟ್ಟೆಯೊಡೆದು ಬರುತ್ತವೆ. ಎರಡು ತಿಂಗಳಿಗೆಲ್ಲ ರೆಕ್ಕೆ ಬಲಿಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ದಕ್ಷಿಣಕ್ಕೆ ಹೊರಟು, ಹಲವು ಹಿಂಡುಗಳು ನೇಪಾಳದ ಕಾಳಿಗಂಡಕಿಯ ಕಣಿವೆಯಲ್ಲಿ ಹಿಮಾಲಯವನ್ನು ದಾಟುತ್ತವೆ. ಐದು ಸಾವಿರ ಮೀಟರಿಗೂ ಮೇಲಿನ ತೆಳುಗಾಳಿಯಲ್ಲಿ, ಎದುರಿನಿಂದ ಬಿರುಗಾಳಿ, ಮೇಲಿನಿಂದ ಚಿನ್ನದ ಗರುಡಗಳ ದಾಳಿ. ತೂಕ ನೋಡಿದರೆ ಎರಡರಿಂದ ಮೂರು ಕಿಲೋ. ಇದೆಲ್ಲವನ್ನೂ ಹುಟ್ಟಿದ ವರ್ಷವೇ ಮಾಡಿ ಮುಗಿಸಿದ ಹಕ್ಕಿಯೊಂದು ಮೂಡಲಗಿ ತಾಲ್ಲೂಕಿನ ಹೊಲದಲ್ಲಿ ಕಡಲೆ ಕಾಳು ಆರಿಸುತ್ತಿತ್ತು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಈ ದಾರಿ ಅದಕ್ಕೆ ಹೇಗೆ ಗೊತ್ತು? ಹೊರಡಬೇಕೆಂಬ ತುಡಿತ ಹುಟ್ಟಿನಿಂದ ಬರುತ್ತದೆ. ಎಲ್ಲಿಗೆ, ಯಾವ ಕಣಿವೆಯಿಂದ, ಯಾವ ಹೊಳೆಯ ಯಾವ ದಿಬ್ಬಕ್ಕೆ ಎಂಬುದನ್ನು ಕ್ರೌಂಚಗಳು ಹಿರಿಯರಿಂದ ಕಲಿಯುತ್ತವೆ. ಇದಕ್ಕೆ ಅಮೆರಿಕದಲ್ಲಿ ಒಳ್ಳೆಯ ಸಾಕ್ಷಿ ಸಿಕ್ಕಿದೆ. 1940ರ ದಶಕದ ಆರಂಭದಲ್ಲಿ ಎರಡು ಡಜನ್ನೂ ಉಳಿಯದಿದ್ದ ಅಲ್ಲಿನ ಹೂಪಿಂಗ್ ಕ್ರೇನ್‌ಗಳನ್ನು ಸಾಕಿ ಬೆಳೆಸಿದ ಮೇಲೆ ದೊಡ್ಡ ಸಮಸ್ಯೆ ಎದುರಾಯಿತು. ಸಾಕಿದ ಮರಿಗಳಿಗೆ ವಲಸೆಯ ದಾರಿ ತೋರಿಸಲು ತಂದೆ ತಾಯಿ ಇರಲಿಲ್ಲ. 2001ರಿಂದ ಮನುಷ್ಯರು ಕ್ರೌಂಚದ ವೇಷ ತೊಟ್ಟು, ಹಗುರ ವಿಮಾನ ಹಾರಿಸಿಕೊಂಡು, ವಿಸ್ಕಾನ್ಸಿನ್‌ನಿಂದ ಫ್ಲಾರಿಡಾವರೆಗೆ ಅವುಗಳ ಮುಂದೆ ಹೋದರು. ಮುಂದೆ ಆ ಹಕ್ಕಿಗಳ ದಾರಿಯನ್ನು ಅಭ್ಯಾಸ ಮಾಡಿದವರು ಕಂಡದ್ದೇನೆಂದರೆ, ಗುಂಪಿನಲ್ಲಿ ಒಂದು ಅನುಭವಿ ಹಿರಿಯ ಹಕ್ಕಿ ಇದ್ದರೂ ಕಿರಿಯವು ದಾರಿ ತಪ್ಪುವುದು ಬಹಳ ಕಡಿಮೆ. ಅಂದರೆ ನಮ್ಮ ಮುಂದಿದ್ದ ಈ ಹೊಲ ಆ ಮರಿಯ ಪಾಠದ ಒಂದು ಅಧ್ಯಾಯ. ಈ ವರ್ಷ ಇದನ್ನು ಕಲಿತರೆ, ಮುಂದೊಂದು ವರ್ಷ ತನ್ನ ಮರಿಯನ್ನು ಇಲ್ಲಿಗೇ ಕರೆತರುತ್ತದೆ.

ರಾಜಸ್ಥಾನದ ಖೀಚನ್ ಎಂಬ ಹಳ್ಳಿಯವರು ಇದೇ ಹಕ್ಕಿಗೆ ದಶಕಗಳಿಂದ ಕಾಳು ಹಾಕುತ್ತ ಬಂದಿದ್ದಾರೆ. ಚಳಿಗಾಲದಲ್ಲಿ ಅಲ್ಲಿ ಸಾವಿರ ಸಾವಿರ ಕ್ರೌಂಚಗಳು ಇಳಿಯುತ್ತವೆ. 2025ರಲ್ಲಿ ಆ ಜಾಗಕ್ಕೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸರ್ ಮಾನ್ಯತೆಯೂ ಸಿಕ್ಕಿತು. ನಮ್ಮಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ 2024ರಲ್ಲಿ ಅದೇ ಮಾನ್ಯತೆ ಬಂತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿನ ಕೆರೆಯಲ್ಲಿ ವಿಶ್ರಮಿಸಿ, ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ಮೂರೂ ಕಡೆ ಒಂದೇ ಮಾತು. ಹಕ್ಕಿ ಮಲಗುವುದು ನೀರಿನಲ್ಲಿ, ಉಣ್ಣುವುದು ರೈತನ ಹೊಲದಲ್ಲಿ. ಘಟಪ್ರಭಾ ಪಕ್ಷಿಧಾಮದ ಗಡಿ ಹೊಳೆಯ ಗುಂಟ ಹೋಗುತ್ತದೆ. ಹೊಲ ಗಡಿಯ ಹೊರಗೆ.

ಧೂಪದಾಳದ ಕಗ್ಗಂಟು ನನಗೆ ಬಿಡಿಸಿದಂತೆ ಕಂಡದ್ದು ಆ ಬದುವಿನ ಮೇಲೆ ಕೂತಾಗ. ಯಾವ ಬಾಂದಾರ ಹಕ್ಕಿಗೆ ನೀರು ಕೊಟ್ಟಿತೋ ಅದೇ ಬಾಂದಾರ ಕಾಲುವೆಯ ಗುಂಟ ಕಬ್ಬಿಗೂ ನೀರು ಕೊಟ್ಟಿತು. ಕಬ್ಬು ವರ್ಷಪೂರ್ತಿ ನಿಲ್ಲುವ ಬೆಳೆ. ಸುತ್ತ ನಾಲ್ಕು ದಿಕ್ಕು ಕಾಣದ ಜಾಗದಲ್ಲಿ ಕ್ರೌಂಚ ಇಳಿಯುವುದಿಲ್ಲ, ನರಿ ನಾಯಿಗಳ ಭಯ. ಜೋಳ ಕಡಲೆಯ ಬಯಲು ಕಬ್ಬಾಗುತ್ತ ಹೋದಷ್ಟೂ ಅದರ ತಟ್ಟೆ ಚಿಕ್ಕದಾಗುತ್ತದೆ. ಇದಕ್ಕೆ ರೈತನನ್ನು ದೂರುವುದು ಅನ್ಯಾಯ. ಬೆಳಗಿನಿಂದ ನಾನು ಮೂಸಿದ ಆ ಬೆಲ್ಲದ ವಾಸನೆಯ ಹಿಂದೆ ಎಷ್ಟು ಮನೆಗಳ ಮದುವೆ, ಶಾಲೆಯ ಫೀಸು, ಆಸ್ಪತ್ರೆಯ ಖರ್ಚು ಇದೆ ಎಂಬುದು ಈ ಸೀಮೆಯಲ್ಲಿ ಒಂದು ದಿನ ತಿರುಗಿದರೂ ತಿಳಿಯುತ್ತದೆ.

"ಕಾಕಾ, ಇವು ಕಾಳು ತಿಂದ್ರ ನಿಮಗ ಲುಕ್ಸಾನ ಆಗೂದಿಲ್ಲೇನ್ರಿ?" ಎಂದು ಮಾಸ್ತರು ಕೇಳಿದರು.

"ಒಂದೀಟ ತಿಂತಾವ. ಆದ್ರ ಹುಳಾನೂ ಹೆಕ್ಕತಾವಲ್ರಿ. ನಮ್ಮಪ್ಪನ ಕಾಲದಾಗಿಂದ ಬರ್ತಾವ, ಹೊಡದ ಓಡಸೂದು ಹ್ಯಾಂಗ?" ಎಂದ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದರು: "ಮುಂದಿನ ವರ್ಷ ಇದಕ್ಕೂ ಕಬ್ಬ ಹಚ್ಚೂಣು ಅಂತಾನ್ರಿ ಮಗ. ಪೈಪ್‌ಲೈನ್ ಬಂತು. ನೀರ್ ಬಂದಮ್ಯಾಲೆ ಕಡ್ಲಿ ಯಾರ್ ಬಿತ್ತತಾರ?"

ನಾನು ಕೊಕ್ಕರೆಬೆಳ್ಳೂರಿನ ಸಂಗತಿ ಹೇಳಿದೆ. ಮಂಡ್ಯ ಜಿಲ್ಲೆಯ ಆ ಊರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆಯಂಗಳದ ಹುಣಸೆಮರಗಳ ಮೇಲೇ ಗೂಡು ಕಟ್ಟುತ್ತವೆ. ಗೂಡಿರುವ ಮರದ ಹುಣಸೆ ಬಡಿಯಲಾಗದೆ ಫಸಲು ಕಳೆದುಕೊಳ್ಳುವ ಮನೆಯವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಬಂತು. 2007ರಲ್ಲಿ ಊರನ್ನೇ ಸಮುದಾಯ ಮೀಸಲು ಎಂದು ಘೋಷಿಸಿದರು. ಭೂಮಿ ಜನರದ್ದೇ, ಹಕ್ಕೂ ಅವರದ್ದೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಇದಕ್ಕೆ ದಾರಿ ಮಾಡಿತ್ತು. ಹುಣಸೆಮರಕ್ಕೆ ಆದದ್ದು ಕಡಲೆ ಹೊಲಕ್ಕೆ ಯಾಕಾಗಬಾರದು? ಹೊಳೆಗೆ ಹತ್ತಿರದ ಕೆಲವು ಹೊಲಗಳಲ್ಲಿ ಹಿಂಗಾರಿ ಬೆಳೆ ಉಳಿಸಿಕೊಂಡವರಿಗೆ, ಕಬ್ಬಿಗೂ ಕಡಲೆಗೂ ಇರುವ ಆದಾಯದ ಅಂತರವನ್ನು ತುಂಬಿಕೊಟ್ಟರೆ ಸಾಕು. ಇಡೀ ತಾಲ್ಲೂಕು ಕಬ್ಬು ಬಿಡಬೇಕಿಲ್ಲ. ಹಕ್ಕಿಗೆ ಬೇಕಾದದ್ದು ಅಲ್ಲೊಂದು ಇಲ್ಲೊಂದು ತೆರೆದ ಬಯಲು, ಅದೂ ನವೆಂಬರಿನಿಂದ ಮಾರ್ಚಿನವರೆಗೆ. ಇದು ಆಗಬೇಕು, ಆಗಲು ಸಾಧ್ಯವಿದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಹಿರಿಯರು ಪೂರ್ತಿ ಕೇಳಿಸಿಕೊಂಡರು. ಮಂಡ್ಯದವರಿಗೆ ಒಂದು ಮರಕ್ಕೆ ಎಷ್ಟು ಕೊಡುತ್ತಾರೆ, ವರ್ಷಾವರ್ಷ ತಪ್ಪದೆ ಬರುತ್ತದೋ ಇಲ್ಲವೋ, ದುಡ್ಡು ನೇರ ಖಾತೆಗೆ ಬೀಳುತ್ತದೋ ಎಂದು ಒಂದೊಂದಾಗಿ ವಿಚಾರಿಸಿದರು. ಆಮೇಲೆ ಮಾಸ್ತರ ಕಡೆ ತಿರುಗಿ, "ನಮ್ಮ ಓಣ್ಯಾಗ ಇನ್ನೂ ನಾಕೈದ ಮಂದಿ ಕಡ್ಲಿ ಬಿತ್ತವರದಾರ. ಐತವಾರ ಗುಡಿಗೆ ಕೂಡಸ್ತೀನಿ, ನೀವ ಬಂದ ಹೇಳ್ರಿ. ಅರ್ಜಿ ಯಾರ ಹೆಸರಿಗಿ ಬರೀಬೇಕಂತ ಅದನ್ನೂ ತಿಳಕೊಂಡ ಬರ್ರಿ ಮತ್ತ" ಎಂದರು. ಮಾಸ್ತರು ಜೇಬಿನಿಂದ ಡೈರಿ ತೆಗೆದು ಬರೆದುಕೊಂಡರು.